ಕೆರೆದ ಲೇಬಲ್

ನಮ್ಮ ಮನೆಯಲ್ಲಿ ಸಿಟ್ಟಿನ ಭರದಲ್ಲಿ ಏನೂ ಮಾತಾಡುವಂತಿಲ್ಲ. ಆಡಿದರೆ ಅದು ನಿಯಮವಾಗಿಬಿಡುತ್ತದೆ. ಹನ್ನೊಂದು ವರ್ಷದ ಹಿಂದೆ ಒಂದು ಬೆಳಿಗ್ಗೆ ನನ್ನ ಗಂಡ ಭರತೇಶ ನಾಷ್ಟಾದ ತಾಟು ನೋಡಿ, “ದಿನಾ ಅವಲಕ್ಕಿ, ದಿನಾ ಅವಲಕ್ಕಿ! ಇನ್ನ ಮ್ಯಾಲ ನಾ ಅವಲಕ್ಕಿ ಮುಟ್ಟಿದ್ರ ಕೇಳು” ಅಂದರು. ಒಳಗೆ ಜಪ ಮಾಡುತ್ತಿದ್ದ ಅತ್ತೆ ಮಣಿಸರ ನಿಲ್ಲಿಸಿ, “ಬಾಯಿಂದ ಬಂತಿಲ್ಲೋ? ನಿಯಮ ಆತು” ಅಂದರು. ಆತು ಅಂದರೆ ಆಯಿತು. ಪಾಲಿಟೆಕ್ನಿಕ್ಕಿನಲ್ಲಿ ನೂರು ಹುಡುಗರನ್ನು ಹೆದರಿಸಿ ಕೂರಿಸುವ ಮನುಷ್ಯ, ಬೀಗರ ಮನೆಗೆ ಹೋದರೆ ಎಲ್ಲರ ಮುಂದೆ ಬಿಸಿ ಅವಲಕ್ಕಿ ಬರುತ್ತದೆ, ಇವರ ಮುಂದೆ ಎರಡು ಬಾಳೆಹಣ್ಣು ಬರುತ್ತವೆ. ಇವತ್ತಿಗೂ ಹಾಗೆಯೇ.

ಇದೆಲ್ಲ ಗೊತ್ತಿದ್ದೂ ಡಿಸೆಂಬರ್ ಮೂರರ ಸಂಜೆ ನಾನು ಬಾಯಿ ಬಿಟ್ಟೆ. ಸಿಟ್ಟು ನನಗೆ ಮೂಗಿನ ತುದಿಯಲ್ಲೇ ಇರುತ್ತದೆ, ಯಾರೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಪಡಸಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಎರಡು ವಾರದಲ್ಲಿ ಎರಡನೇ ಮೀನು ಸತ್ತಿತ್ತು. ಭರತೇಶ ಅದನ್ನು ಕಾಗದದಲ್ಲಿ ಸುತ್ತಿ ಕರಿಬೇವಿನ ಗಿಡದ ಬುಡಕ್ಕೆ ಒಯ್ಯುತ್ತಿದ್ದರು. ಅತ್ತೆ ಕಣ್ಣು ಮುಚ್ಚಿ ಅದಕ್ಕಾಗಿ ನಮ್ಮ ಜೈನರ ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದರು. ನಾನು ಬ್ಯಾಗು ಎಸೆದು ಕೂಗಿದೆ, “ಇನ್ನೊಂದು ಮೀನ ಸತ್ತರ ಈ ಪೆಟಗಿ ಖಾಲಿ ಮಾಡಿ ಆ ಮೀನಿನ ಅಂಗಡಿ ದುರಗೇಶಗ ವಾಪಸ್ ಕೊಟ್ಟುಬಿಡ್ತೀನಿ ನೋಡ್ರಿ!”

ಮಣಿಸರ ನಿಂತಿತು. ಅತ್ತೆ ಕಣ್ಣು ಬಿಟ್ಟು ನನ್ನನ್ನು ನೋಡಿದರು. ನಿಯಮ ಆತು ಅನ್ನಬೇಕಾಗಿಯೂ ಇರಲಿಲ್ಲ.

ನಾನು ಸುಮನ. ತವರು ತೇರದಾಳ, ಗಂಡನ ಮನೆ ಜಮಖಂಡಿ, ನೌಕರಿ ಮುಧೋಳದ ಕಡೆಯ ಒಂದು ಸಕ್ಕರೆ ಕಾರ್ಖಾನೆಯ ಲ್ಯಾಬಿನಲ್ಲಿ. ಹತ್ತೊಂಬತ್ತು ವರ್ಷದಿಂದ ಕಬ್ಬಿನ ಹಾಲಿನಲ್ಲಿ ಸಕ್ಕರೆ ಎಷ್ಟಿದೆ ಎಂದು ಅಳೆಯುವುದೇ ನನ್ನ ಕೆಲಸ. ನಲವತ್ತೊಂದನೇ ವಯಸ್ಸಿನವರೆಗೆ ನಾನು ಸಮುದ್ರ ನೋಡಿರಲಿಲ್ಲ. ಕಾರ್ಖಾನೆಯವರು ಟ್ರಿಪ್ಪಿಗೆಂದು ಕಾರವಾರಕ್ಕೆ ಕರೆದೊಯ್ದರು. ಎಲ್ಲರೂ ಸೆಲ್ಫಿ ತೆಗೆದುಕೊಂಡು ಬಸ್ಸಿಗೆ ಹತ್ತಿದರೂ ನಾನು ಏಳಲಿಲ್ಲ. ನಮ್ಮ ಕೃಷ್ಣಾ ನದಿ ಎಷ್ಟು ತುಂಬಿ ಬಂದರೂ ಆಚೆ ದಂಡೆ ಅಂತ ಒಂದು ಇರುತ್ತದೆ. ಇದಕ್ಕೆ ಅದೇ ಇರಲಿಲ್ಲ. ಆ ದಿನ ನನ್ನ ಮನಸ್ಸು ಎಷ್ಟು ಹಗುರಾಗಿತ್ತೆಂದರೆ, ಬಸ್ಸಿನಲ್ಲಿ ಯಾರ ಜೊತೆಗೂ ಜಗಳ ತೆಗೆಯದೆ ಊರಿಗೆ ಬಂದೆ.

ಬಂದ ಮೇಲೆ ಹಟ ಹಿಡಿದೆ. ಪಡಸಾಲೆಯಲ್ಲಿ ನಾಲ್ಕು ಫೂಟಿನ ಗಾಜಿನ ಪೆಟ್ಟಿಗೆ ಬಂತು, ಅದರೊಳಗೆ ಸಮುದ್ರದ ಉಪ್ಪು ಬೆರೆಸಿದ ನೀರು, ತೂತು ತೂತಾದ ಕಲ್ಲು, ಬಿಳಿ ಮರಳು, ಕಡಲಿನ ಮೀನು. ಬನಹಟ್ಟಿಯ ದುರಗೇಶ ಎಲ್ಲ ಜೋಡಿಸಿಕೊಟ್ಟ. ಅವನ ಅಪ್ಪನ ಕಾಲದಲ್ಲಿ ಆರು ಮಗ್ಗ ನಡೆಯುತ್ತಿದ್ದ ಶೆಡ್ಡಿನಲ್ಲೇ ಈಗ ಅವನ ಮೀನಿನ ಅಂಗಡಿ ಇದೆ.

ಅತ್ತೆಗೆ ಎಪ್ಪತ್ನಾಲ್ಕು ವರ್ಷ. ಇರುವೆ ಸಾಲು ಕಂಡರೆ ಸುತ್ತು ಹಾಕಿ ಹೋಗುವವರು. ಉಳ್ಳಾಗಡ್ಡಿ, ಬಟಾಟಿ ಯಾವುದನ್ನೂ ಮುಟ್ಟದವರು. ಜೀವವನ್ನು ಪೆಟ್ಟಿಗೆಯಲ್ಲಿ ಹಾಕಿ ಇಡುವುದು ಅವರಿಗೆ ಸುತಾರಾಂ ಸೇರಿರಲಿಲ್ಲ. ಮೂರು ದಿನ ಯೋಚಿಸಿ, “ಹಿಡದವರು ಯಾರೋ ಹಿಡದಾರ. ಇಲ್ಲೆರ ಸುಖದಿಂದ ಇರ್ಲಿ” ಎಂದು ಒಪ್ಪಿದರು. ಆದರೆ ಮೂರು ಕರಾರು ಹಾಕಿದರು. ನೀರನ್ನು ಬಟ್ಟೆಯಲ್ಲಿ ಸೋಸಿಯೇ ಹಾಕಬೇಕು. ಹೊತ್ತು ಮುಳುಗುವ ಮುಂಚೆ ಮೀನಿನ ಊಟ ಮುಗಿಯಬೇಕು. ಮಾಂಸ ಅನ್ನುವುದು ಹೊಸ್ತಿಲು ದಾಟಬಾರದು.

ಮೂರನೆಯದೇ ತೊಡಕು. ಕಡಲಿನ ಮೀನು ಕಾಯಿಪಲ್ಲೆ ತಿಂದು ಬದುಕುವುದಿಲ್ಲ. ದುರಗೇಶ ಕೊಟ್ಟ ಡಬ್ಬಿಯಲ್ಲಿ ಸಾಸಿವೆಯಷ್ಟು ಸಣ್ಣ ಕೆಂಪು ಕಾಳುಗಳಿದ್ದವು. ಲೇಬಲ್ಲಿನ ಮೇಲೆ ಮೊದಲನೆಯದೇ ಮೀನಿನ ಹಿಟ್ಟು, ಮೂರನೆಯದು ಸಿಗಡಿ ಪುಡಿ. ನಾನು ಆ ಡಬ್ಬಿಯನ್ನು ಬಿಸಿನೀರಲ್ಲಿ ಅದ್ದಿ, ಬ್ಲೇಡಿನಿಂದ ಲೇಬಲ್ ಪೂರ್ತಿ ಕೆರೆದುಹಾಕಿದೆ. “ಏನೈತಿ ಇದ್ರಾಗ?” ಎಂದು ಅತ್ತೆ ಕೇಳಿದಾಗ, “ಕಡಲ ಪಾಚಿ ರೀ, ಸೋಯಾ ಹಿಟ್ಟು” ಅಂದೆ. ಅವರು ಡಬ್ಬಿ ಮುಚ್ಚಳ ತೆಗೆದು ನೋಡಿ, ಮುಚ್ಚಿ, “ಹೂಂ” ಅಂದರು. ನನಗೂ ಸಮಾಧಾನವಾಯಿತು. ಆಮೇಲೆ ಹೊಸ ಡಬ್ಬಿ ಬಂದಾಗಲೆಲ್ಲ ಕೆರೆಯುವ ಕೆಲಸ ಮಾಡುತ್ತಲೇ ಇದ್ದೆ. ಹೀಗೆ ನಾಲ್ಕು ವರ್ಷ ಛಲೋ ನಡೆದಿತ್ತು.

ಈ ವರ್ಷ ದೀಪಾವಳಿ ಮುಗಿದು ಕಬ್ಬು ನುರಿಸುವ ಹಂಗಾಮು ಶುರುವಾದಾಗ ನನ್ನ ಡ್ಯೂಟಿ ಬದಲಾಯಿತು. ಬೆಳಿಗ್ಗೆ ಏಳಕ್ಕೆ ಕಾರ್ಖಾನೆಯ ಬಸ್ಸು ಹತ್ತಿದರೆ ಮನೆ ಮುಟ್ಟುವುದು ಸಂಜೆ ಏಳೂವರೆಗೆ. ಭಾನುವಾರ ಒಂದೇ ರಜೆ. ಹೊತ್ತು ಮುಳುಗುವ ಮುಂಚೆ ಮೀನಿಗೆ ಹಾಕುವವರು ಯಾರು? “ನಾ ಹಾಕ್ತೇನಿ ಬಿಡು, ನಾಕ ಕಾಳ ಒಗ್ಯಾಕ ಏನ ತ್ರಾಸು?” ಎಂದು ಅತ್ತೆಯೇ ಮುಂದೆ ಬಂದರು. ದಿನಾ ನಾಲ್ಕಕ್ಕೆ ಸರಿಯಾಗಿ ಕಾಳು ಹಾಕುತ್ತಿದ್ದರು, ಆಮೇಲೆ ಎರಡನೇ ಸಲ ಸ್ನಾನ ಮಾಡಿ ಬಸದಿಗೆ ಹೋಗುತ್ತಿದ್ದರು. ಚಳಿಗಾಲದಲ್ಲೂ ಈ ವಯಸ್ಸಿಗೆ ಸೆಕೆಯೇನೋ ಪಾಪ ಎಂದುಕೊಂಡಿದ್ದೆ.

ಜಗಳ ಶುರುವಾದದ್ದು ಆಗಲೇ. ಪೆಟ್ಟಿಗೆಯಲ್ಲಿ ಒಂದು ಕರಿ ಮೀನಿದೆ, ಮೈಮೇಲೆ ಮೂರು ಬಿಳಿ ಚುಕ್ಕೆ. ಅತ್ತೆ ಅದಕ್ಕೆ ಪೈಲ್ವಾನ ಎಂದು ಹೆಸರಿಟ್ಟಿದ್ದರು. ಮೂರು ಬೆರಳಗಲದ ಪ್ರಾಣಿ, ಆದರೆ ಗತ್ತು ನೋಡಬೇಕು! ನಾಲ್ಕು ವರ್ಷ ತನ್ನ ಕಲ್ಲಿನ ಪಕ್ಕ ತಾನು ಇದ್ದದ್ದು, ಈಗ ಒಮ್ಮೊಮ್ಮೆ ಮೈಮೇಲೆ ದೆವ್ವ ಬಂದಂತೆ ಎದುರು ಬಂದವರಿಗೆಲ್ಲ ಬಡಿಯತೊಡಗಿತು. ನಾನು ಲ್ಯಾಬ್ ಡೈರಿಯ ಹಿಂದಿನ ಹಾಳೆಯಲ್ಲಿ ಬರೆದಿಟ್ಟೆ. ನವೆಂಬರ್ ಹನ್ನೆರಡು, ಹಸಿರು ಮೀನಿನ ಬಾಲ ಹರಿದಿದೆ. ಹತ್ತೊಂಬತ್ತು, ಹಸಿರು ಮೀನು ಸತ್ತಿದೆ. ಇಪ್ಪತ್ತೆಂಟು, ಮರಳು ತೋಡುವ ಮೀನಿಗೆ ಗಾಯ. ಡಿಸೆಂಬರ್ ಮೂರು, ಅದೂ ಸತ್ತಿತು. ಪ್ರತಿ ಸಲವೂ ನೀರು ಅಳೆದೆ. ಉಪ್ಪು ಸರಿ, ಉಷ್ಣ ಸರಿ, ಕೆಮಿಕಲ್ ಎಲ್ಲ ಸರಿ. ಇಡೀ ಕಾರ್ಖಾನೆಯ ಸಕ್ಕರೆಯನ್ನು ಅಳೆಯುವ ನನಗೆ ಮೂರು ಬೆರಳಗಲದ ಮೀನಿನ ಸಿಟ್ಟು ಅಳೆಯಲು ಬರಲಿಲ್ಲ. ಭಾನುವಾರ ನಾನೇ ಕೂತು ನೋಡಿದರೆ ಎಲ್ಲವೂ ಸಾಧುಗಳು!

ನಾನು ಬಾಯಿ ಬಿಟ್ಟ ಮೂರನೇ ದಿನಕ್ಕೆ ಬೆಳಗಾವಿ ಬಸ್ಸಿನಲ್ಲಿ ದುರಗೇಶನಿಗೆ ಪಾರ್ಸಲ್ ಬಂತು. ಒಂದು ತಿಂಗಳ ಹಿಂದೆಯೇ ನಾನು ಹೇಳಿಟ್ಟಿದ್ದ ಮೀನು. ಮುಂದಿನ ಅರ್ಧ ಮೈ ಹಾಲಿನಂತೆ ಬಿಳಿ, ಹಿಂದಿನ ಅರ್ಧ ಬೆಂಕಿಯ ಕೆಂಪು, ಬೆನ್ನ ಮೇಲೆ ಒಂದು ಉದ್ದನೆಯ ಎಳೆ ನೆಟ್ಟಗೆ ನಿಂತಿರುತ್ತದೆ. ಪುಕ್ಕಲು ಮೀನು, ನೆರಳು ಕಂಡರೂ ಕಲ್ಲಿನ ಸಂದಿಗೆ ಓಡುತ್ತದೆ, ತೀರಾ ಹೆದರಿದರೆ ನೀರಿನಿಂದಲೇ ಜಿಗಿಯುತ್ತದೆ. ಅತ್ತೆ ಅದನ್ನು ನೋಡಿ, “ಅಯ್ಯ, ಬೀಗರ ಮನಿ ಕೂಸಿನಂಗ ಮೂಲ್ಯಾಗ ನಿಂತೈತಲ್ಲ ಇದು!” ಎಂದು ನಕ್ಕರು. ಅದರ ಹೆಸರು ಕೂಸು ಎಂದೇ ಆಯಿತು. ನನಗೆ ಮಾತ್ರ ನಗು ಬರಲಿಲ್ಲ. ಇದೊಂದು ಸತ್ತರೆ ನನ್ನ ಸಮುದ್ರ ಬನಹಟ್ಟಿಗೆ ವಾಪಸ್ಸು ಹೋಗುತ್ತಿತ್ತು. ಇಡೀ ದಿನ ಕಾರ್ಖಾನೆಯ ಗದ್ದಲ ಕೇಳಿ ಬಂದು ಆ ನೀಲಿ ಬೆಳಕಿನ ಮುಂದೆ ಕೂರುವ ಅರ್ಧ ತಾಸಿಗಾಗಿ ನಾನು ಉಳಿದ ಇಪ್ಪತ್ಮೂರೂವರೆ ತಾಸನ್ನು ಸಹಿಸಿಕೊಳ್ಳುತ್ತಿದ್ದೆ.

“ಕಲ್ಲ ಎಲ್ಲಾ ಜಾಗಾ ಬದಲಿ ಮಾಡ್ರಿ ಅಕ್ಕಾರ,” ಅಂದ ದುರಗೇಶ ಫೋನಿನಲ್ಲಿ. “ಅವಗ ಇದು ತನ್ನ ಮನಿ ಅನ್ನೂ ಸೊಕ್ಕು ಬಂದೈತಿ. ಮನೀನ ಬದಲಾದ್ರ ಸೊಕ್ಕ ಇಳೀತೈತಿ.” ಭುಜದವರೆಗೆ ಕೈ ಅದ್ದಿ ಒಂದೊಂದೇ ಕಲ್ಲು ಎತ್ತಿ ಬೇರೆ ಕಡೆ ಇಟ್ಟೆ. ಪೈಲ್ವಾನ ತನ್ನ ಮನೆ ಹುಡುಕುತ್ತ ಎರಡು ದಿನ ದಿಕ್ಕೆಟ್ಟು ತಿರುಗಿತು. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು.

“ಕನ್ನಡೀನೂ ಹಚ್ಚಿ ನೋಡ್ರಿ,” ಎಂದ ಆಮೇಲೆ. ಗಾಜಿಗೆ ಹೊರಗಿನಿಂದ ಕನ್ನಡಿ ಆನಿಸಿ ಇಟ್ಟರೆ ಪೈಲ್ವಾನ ತನ್ನನ್ನೇ ಇನ್ನೊಬ್ಬ ಪೈಲ್ವಾನ ಎಂದು ತಿಳಿದು ಅದರ ಜೊತೆಗೇ ಕುಸ್ತಿ ಹಿಡಿಯುತ್ತದಂತೆ. ನಿಜವಾಗಿಯೂ ಹಿಡಿಯಿತು! ಮನೆಯಲ್ಲಿದ್ದ ಅಂಥ ಕನ್ನಡಿ ಭರತೇಶರ ದಾಡಿ ಮಾಡಿಕೊಳ್ಳುವ ಕನ್ನಡಿ ಒಂದೇ. ಅವತ್ತಿನಿಂದ ಅವರು ದಿನಾ ಗದ್ದದ ಮೇಲೆ ಹತ್ತಿ ಅಂಟಿಸಿಕೊಂಡು ಕಾಲೇಜಿಗೆ ಹೋಗತೊಡಗಿದರು. “ಮೀನಿಗೊಂದು ನ್ಯಾಯ, ಗಂಡಗೊಂದು ನ್ಯಾಯ ಆತಲ್ಲ ಇದು” ಎಂದು ಗೊಣಗಿದರು. “ಸಿಟ್ಟಿಲೆ ಏನರ ಅಂದು ಇನ್ನೊಂದು ನಿಯಮ ಮಾಡ್ಕೋಬ್ಯಾಡ್ರಿ, ಸುಮ್ನ ಹೋಗ್ರಿ” ಅಂದೆ.

ಹೀಗೆ ಎಲ್ಲ ಸರಿಹೋಯಿತು ಅನ್ನುವಷ್ಟರಲ್ಲಿ ಡಿಸೆಂಬರ್ ಹನ್ನೆರಡರ ಸಂಜೆ ಮನೆಗೆ ಬಂದರೆ, ಅತ್ತೆ ಬಾಗಿಲಲ್ಲೇ, “ಇವತ್ತ ಭಾಳ ಬಡದಾಡ್ಯಾವ ಬೇ. ಕೂಸಿನ ಬಾಲ ಹರದೈತಿ” ಎಂದರು. ಅವರ ಮುಖ ಸಣ್ಣಗಾಗಿತ್ತು. ನಾನು ದುರಗೇಶನಿಗೆ ಫೋನು ಹಚ್ಚಿ ಕೂಗಾಡಿದೆ. ಅವನು ಪಾಪ, ಎಲ್ಲ ಕೇಳಿಸಿಕೊಂಡು, “ಅಕ್ಕಾರ, ಸಿಟ್ಟಾಗಬ್ಯಾಡ್ರಿ, ಒಂದ ಮಾತ ಕೇಳ್ತೇನಿ. ಹೊಟ್ಟಿಗಿ ದಿನಾ ಸರಿಯಾಗಿ ಹಾಕ್ತೀರಿಲ್ಲೋ? ಹಸದ್ರ ಇವು ಭಾಳ ಕೆಟ್ಟ” ಅಂದ.

ನನ್ನ ಸಿಟ್ಟು ನೆತ್ತಿಗೇರಿತು. “ಏ ದುರಗೇಶಾ, ನಮ್ಮ ಮನಿಗಿ ಬಂದ ನಾಯಿ ಸೈತ ಹಸದ ಹೋಗಿಲ್ಲ, ತಿಳಿತೇನ? ನಮ್ಮ ಅತ್ತಿ ಗಡಿಯಾರ ನೋಡಿ ನಾಕಕ್ಕ ಹಾಕ್ತಾರ!” ಎಂದು ಫೋನು ಇಟ್ಟೆ. ಒಳಗೆ ಅತ್ತೆ ಕೆಮ್ಮಿದರು. ಅವತ್ತು ನನಗೆ ಆ ಕೆಮ್ಮು ಬರೀ ಕೆಮ್ಮಾಗಿಯೇ ಕೇಳಿಸಿತು.

ಮುಂದಿನ ಬುಧವಾರ ಸಂಜೆ ಅಡುಗೆಮನೆಯಲ್ಲಿ ನಿಂತು, ಗ್ಯಾಸ್ ಸಿಲಿಂಡರ್ ಯಾವತ್ತು ಬಂದಿತ್ತು ಎಂದು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಅತ್ತೆ ಅದರಲ್ಲಿ ಅಷ್ಟಮಿ, ಚತುರ್ದಶಿಗಳಿಗೆ ಕೇಸರಿ ಬೊಟ್ಟು ಇಟ್ಟಿರುತ್ತಾರೆ. ತಿಂಗಳಿಗೆ ನಾಲ್ಕು ಪರ್ವ, ಆ ದಿನ ಅವರು ಬಿಸಿನೀರು ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಹನ್ನೆರಡಕ್ಕೆ ಬೊಟ್ಟು. ಮೂರಕ್ಕೆ ಬೊಟ್ಟು. ನನ್ನ ಕೈ ತಾನಾಗಿಯೇ ನವೆಂಬರಿನ ಹಾಳೆ ತಿರುವಿತು. ಹನ್ನೆರಡು, ಹತ್ತೊಂಬತ್ತು, ಇಪ್ಪತ್ತೆಂಟು. ಡೈರಿ ತಂದು ಪಕ್ಕದಲ್ಲಿ ಹಿಡಿದೆ. ಒಂದು ತಾರೀಖೂ ತಪ್ಪಿರಲಿಲ್ಲ. ಮುಂದಿನ ಬೊಟ್ಟು ನಾಳೆಯೇ, ಗುರುವಾರ, ಚತುರ್ದಶಿ.

ಪಡಸಾಲೆಯಲ್ಲಿ ಅತ್ತೆ ಮಗನಿಗೆ ಬಸದಿಯ ಯಾವುದೋ ಸುದ್ದಿ ಹೇಳಿ ನಗುತ್ತಿದ್ದರು. ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ನನ್ನ ಬಾಯಿಯ ಮೇಲೆ ನನಗೇ ಭರವಸೆ ಇರಲಿಲ್ಲ. ಕಣ್ಣಾರೆ ನೋಡಿಯೇ ಮಾತಾಡುವುದು ಎಂದು ಡೈರಿ ಮುಚ್ಚಿಟ್ಟೆ.

ಮರುದಿನ ಮಧ್ಯಾಹ್ನ ನನ್ನ ಕೆಲಸವನ್ನು ಜೊತೆಗಿನ ಕೆಮಿಸ್ಟ್ ಭೀಮಶಿಗೆ ಒಪ್ಪಿಸಿ, ಮುಧೋಳದಿಂದ ಬಂದ ಕೆಂಪು ಬಸ್ಸು ಹತ್ತಿ ನಾಲ್ಕೂಕಾಲಿಗೆ ಮನೆ ಮುಟ್ಟಿದೆ. ಬಾಗಿಲು ಚಿಲಕವಿಲ್ಲದೆ ಮುಂದೆ ಮಾಡಿತ್ತು. ಸದ್ದಿಲ್ಲದೆ ದೂಡಿದೆ.

ಅತ್ತೆ ಪೆಟ್ಟಿಗೆಯ ಮುಂದೆ ನೆಲದ ಮೇಲೆ ಕೂತಿದ್ದರು. ಕೈಯಲ್ಲಿ ಮಣಿಸರ, ಪಕ್ಕದಲ್ಲಿ ಕಾಳಿನ ಡಬ್ಬಿ, ಮುಚ್ಚಳ ಬಿಗಿಯಾಗಿ ಮುಚ್ಚಿತ್ತು. ಮೀನುಗಳೆಲ್ಲ ಗಾಜಿನ ಹತ್ತಿರ ಗುಂಪುಗೂಡಿದ್ದವು. ಪೈಲ್ವಾನ ಕನ್ನಡಿಯತ್ತ ತಿರುಗಿಯೂ ನೋಡದೆ ಕೂಸನ್ನು ಮೂಲೆಯಿಂದ ಮೂಲೆಗೆ ಅಟ್ಟುತ್ತಿತ್ತು.

ಅತ್ತೆ ಮೀನುಗಳಿಗೆ ಹೇಳುತ್ತಿದ್ದರು, “ಇವತ್ತೊಂದಿನ ತಡ್ಕೊಳ್ರೆಪ್ಪಾ. ನಾನೂ ಉಂಡಿಲ್ಲ, ನೋಡ್ರಿ.”

“ಏನ್ರಿ ಅತ್ತಿ ಇದು?” ಎಂದೆ. ನನ್ನ ದನಿ ಓಣಿಗೆಲ್ಲ ಕೇಳಿಸಿರಬೇಕು. “ಮೀನಿಗೂ ಉಪವಾಸ ಹಾಕ್ತೀರೇನ್ರಿ? ನಾ ಇಲ್ಲಿ ಉಪ್ಪು ಅಳೀತೇನಿ, ಕಲ್ಲ ಹೊರತೇನಿ, ಆ ದುರಗೇಶನ್ನ ಬೈತೇನಿ! ಎರಡೂ ಮೀನ ಸತ್ತದ್ದು ಇದಕ್ಕ. ನೀವ ಕೊಂದ್ರಿ ಅವನ್ನ!”

ಕೊಂದ್ರಿ. ಇರುವೆಗೆ ದಾರಿ ಬಿಡುವ ಹೆಂಗಸಿಗೆ ನಾನು ಆ ಮಾತು ಅಂದೆ. ಅಂದ ಮರುಕ್ಷಣವೇ ನಾಲಗೆ ಕಚ್ಚಿಕೊಂಡೆ, ಆದರೆ ಅಂದಾಗಿತ್ತು. ಅತ್ತೆ ಮಣಿಸರ ನೆಲಕ್ಕಿಟ್ಟರು.

ಅಷ್ಟರಲ್ಲಿ ಚಳ್ ಎಂದು ನೀರು ಹಾರಿತು. ಪೈಪಿನ ಪಕ್ಕ ಮುಚ್ಚಳದ ಜಾಳಿಗೆಯಲ್ಲಿ ಎರಡು ಬೆರಳಷ್ಟು ಸಂದು ಇತ್ತು. ಕೂಸು ಆ ಸಂದಿಯಿಂದಲೇ ಜಿಗಿದು ಫರಸಿಯ ಮೇಲೆ ಬಿದ್ದು ಪಟಪಟ ಒದ್ದಾಡತೊಡಗಿತು. ನಾನು ಬ್ಯಾಗು ಎಸೆದು ಓಡುವಷ್ಟರಲ್ಲಿ ಅತ್ತೆ ತಮ್ಮ ಕುಡಿಯುವ ನೀರಿನ ತಂಬಿಗೆಯಲ್ಲಿ ಕೈ ಅದ್ದಿ, ಎರಡೂ ಕೈಯಲ್ಲಿ ಅದನ್ನು ಬಾಚಿ, ಎದ್ದು ನಿಂತಿದ್ದರು. ಮಂಡಿನೋವಿನಿಂದ ಗೋಡೆ ಹಿಡಿಯದೆ ಎಂದೂ ಏಳದವರು ಅವರು. “ಮುಚ್ಚಳ ತಗೀ, ನಿಂತ ಏನ ನೋಡ್ತಿ!” ಎಂದು ನನಗೇ ಗದರಿದರು. ತೆಗೆದೆ. ಕೂಸು ನೀರಿಗೆ ಬಿತ್ತು, ಅಡ್ಡಡ್ಡ ತೇಲಿತು, ಹೇಗೋ ಕಲ್ಲಿನ ತೂತಿನೊಳಗೆ ಹೋಗಿ ಕಾಣದಾಯಿತು.

ಪೈಲ್ವಾನನನ್ನು ಬಲೆಯಲ್ಲಿ ಹಿಡಿದು, ತೂತು ಕೊರೆದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿ ಪೆಟ್ಟಿಗೆಯ ಒಳಗೇ ತೂಗುಬಿಟ್ಟೆ. ದುರಗೇಶ ಅದನ್ನು ಜೇಲು ಅನ್ನುತ್ತಾನೆ. ಕಾಳಿನ ಡಬ್ಬಿ ತೆಗೆದು ಎಲ್ಲಕ್ಕೂ ಹಾಕಿದೆ, ಜೇಲಿನೊಳಗೂ ಹಾಕಿದೆ. ಐದು ನಿಮಿಷದಲ್ಲಿ ಪೆಟ್ಟಿಗೆ ತಣ್ಣಗಾಯಿತು. ಕೂಸು ಮಾತ್ರ ಹೊರಗೆ ಬರಲಿಲ್ಲ. ಬದುಕಿದೆಯೋ ಇಲ್ಲವೋ ತಿಳಿಯಲು ಕಾಯುವುದು ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಅತ್ತೆ ಮತ್ತೆ ನೆಲದ ಮೇಲೆ ಕೂತರು. ನಾನೂ ಅವರ ಪಕ್ಕ ಕೂತೆ. ಇಬ್ಬರ ಕಣ್ಣೂ ಆ ತೂತಿನ ಮೇಲೆಯೇ ಇದ್ದವು.

“ನಾ ಉಪವಾಸ ಹಾಕಿಲ್ಲ,” ಎಂದರು ಅತ್ತೆ. “ಪರ್ವದ ದಿನ ನನ್ನ ಕೈಲೆ ಅದನ್ನ ಹಾಕಾಕ ಆಗಲಿಲ್ಲ, ಅಷ್ಟ.”

“ಯಾವುದನ್ನ?”

“ಆ ಮೀನಿನ ಹಿಟ್ಟನ್ನ.”

ನನ್ನ ಕಣ್ಣು ನಾನೇ ಕೆರೆದಿದ್ದ ಡಬ್ಬಿಯ ಮೇಲೆ ಹೋಯಿತು.

“ಲೇಬಲ್ ಕೆರದಿ,” ಎಂದರು, ಬೈಯುವ ದನಿಯಲ್ಲಿ ಅಲ್ಲ, ಸುಮ್ಮನೆ. “ವಾಸನಿ ಹ್ಯಾಂಗ ಕೆರೀತಿ? ಮದಲನೇ ದಿನ ಮುಚ್ಚಳ ತಗದಾಗ ಗೊತ್ತಾತು ನನಗ. ಎಪ್ಪತ್ತ ವರ್ಷ ಆ ವಾಸನಿ ಬಂದ ಕಡೆಯಿಂದ ದೂರ ಸರದಾಕಿ ನಾನು, ನನ್ನ ಮೂಗಿಗೆ ತಿಳಿಯಂಗಿಲ್ಲೇನ?”

“ಹಂಗಾರ ಯಾಕ ಸುಮ್ನಿದ್ರಿ? ಉಳದ ದಿನಾ ಯಾಕ ಹಾಕಿದ್ರಿ?”

“ನೀ ಸಂಜಿಗೆ ಬಂದು ಇದರ ಮುಂದ ಕುಂತಾಗ ನಿನ್ನ ಮಾರಿ ನೋಡೇನಿ,” ಎಂದರು. “ಲಗ್ನಾಗಿ ಬಂದಾಗಿಂದ ಸಿಡಸಿಡ ಅಂತಿದ್ದಾಕಿ ನೀ, ಅಲ್ಲಿ ಕುಂತ್ರ ಸಣ್ಣ ಹುಡಿಗಿ ಆಗ್ತಿ. ಅದಕ್ಕ ಹಾಕ್ದೆ. ಹಾಕಿ ಸ್ನಾನ ಮಾಡಿ ಬಸದಿಗಿ ಹೋಗ್ತಿದ್ದೆ. ಅಷ್ಟಮಿ, ಚತುರ್ದಶಿ ಮಾತ್ರ ಕೈ ಬರಲಿಲ್ಲ. ಒಂದಿನಕ್ಕ ಏನಾಗ್ತೈತಿ, ನಾನೂ ಇರತೇನಿ, ಅವೂ ಇರ್ಲಿ ಅಂದ್ಕೊಂಡೆ. ಹೋದ ಸಲ ಫೋನಿನ್ಯಾಗ ನೀ ಬೈದಾಗ ಸಂಶೇ ಬಂತು. ಇವತ್ತ ಹಾಕ್ಲೋ ಬ್ಯಾಡೋ ಅಂತ ಮಧ್ಯಾಹ್ನದಿಂದ ಡಬ್ಬಿ ಹಿಡ್ಕೊಂಡು ಕುಂತೇನಿ.”

ಸೆಕೆಗೆ ಸ್ನಾನ ಎಂದುಕೊಂಡಿದ್ದೆ ನಾನು. ಡಿಸೆಂಬರಿನಲ್ಲಿ! ದಿನಾ ನಾಲ್ಕಕ್ಕೆ ಈ ಹೆಂಗಸು ತಾನು ಜನ್ಮದಲ್ಲಿ ಮುಟ್ಟದ್ದನ್ನು ನನಗಾಗಿ ಬೆರಳಲ್ಲಿ ಹಿಡಿದು ಹಾಕಿ, ಚಳಿಯಲ್ಲಿ ತಲೆಗೆ ನೀರು ಹೊಯ್ದುಕೊಂಡು, ಒಂದು ಮಾತೂ ಆಡದೆ ಇದ್ದದ್ದು. ನಾನು ಬಂದು ಕೊಂದ್ರಿ ಅಂದೆ. ಅತ್ತುಬಿಟ್ಟೆ. ನನ್ನ ತಾಯಿ ತೀರಿಕೊಂಡ ಮೇಲೆ ನಾನು ಹಾಗೆ ಅತ್ತಿರಲಿಲ್ಲ.

“ಅಳಬ್ಯಾಡ. ನೀ ಅಂದದ್ದು ಖರೆ ಐತಿ,” ಎಂದರು ಅತ್ತೆ. “ಎರಡ ಜೀವದ ಪಾಪ ನನ್ನ ತಲಿ ಮ್ಯಾಲ.”

“ಇಲ್ರಿ,” ಎಂದೆ ಮೂಗು ಒರೆಸಿಕೊಂಡು. “ಸುಳ್ಳ ಹೇಳಿದಾಕಿ ನಾನು, ಸುಮ್ನಿದ್ದವರು ನೀವು. ಒಂದು ನಿಮ್ಮದು, ಒಂದು ನನ್ನದು.”

ಅತ್ತೆ ಒಂದು ಕ್ಷಣ ನನ್ನನ್ನು ನೋಡಿ ನಕ್ಕರು. “ಪಾಪದಾಗೂ ಪಾಲ ಕೇಳ್ತೀಯಲ್ಲ ನೀ! ತೇರದಾಳದ ಹೆಣ್ಣು ತೇರದಾಳದ ಹೆಣ್ಣ ಬಿಡು.”

ಆಗಲೇ ಅವರು ನನ್ನ ತೋಳು ಹಿಡಿದು ಒತ್ತಿದರು. ಕಲ್ಲಿನ ತೂತಿನಿಂದ ತೆಳ್ಳಗಿನ ಎಳೆಯೊಂದು ಹೊರಗೆ ಬಂದಿತ್ತು. ಅದರ ಹಿಂದೆ ಬಿಳಿ ಮೂತಿ. ಕೂಸು ಅತ್ತ ಇತ್ತ ನೋಡಿ, ಮೇಲಿಂದ ಇಳಿಯುತ್ತಿದ್ದ ಒಂದು ಕಾಳನ್ನು ಲಬಕ್ಕನೆ ನುಂಗಿ ಮತ್ತೆ ಒಳಗೆ ಹೋಯಿತು. “ಉಂಡಿತು!” ಎಂದು ಅತ್ತೆ ಕೈ ತಟ್ಟಿದರು. ಭರತೇಶ ಮನೆಗೆ ಬಂದಾಗ ನಾವಿಬ್ಬರೂ ನೆಲದ ಮೇಲೆ ಕೂತು ಅಳುತ್ತಲೂ ನಗುತ್ತಲೂ ಇದ್ದೆವು. “ಮತ್ತ್ಯಾರು ಸತ್ರು?” ಎಂದು ಗಾಬರಿಯಾಗಿ ಕೇಳಿದರು. “ಯಾರೂ ಸತ್ತಿಲ್ಲ. ನಿನ್ನ ಕನ್ನಡಿ ತಗೊಂಡ ಹೋಗು” ಎಂದರು ಅತ್ತೆ.

ಆ ಭಾನುವಾರ ನಾನು ಬನಹಟ್ಟಿಗೆ ಹೋಗಿ ದುರಗೇಶನ ಕ್ಷಮೆ ಕೇಳಿದೆ. ಗಿರಾಕಿ ಕ್ಷಮೆ ಕೇಳಿದ್ದು ಅವನ ಅನುಭವದಲ್ಲಿ ಇರಲಿಲ್ಲವೇನೋ, ಗಲಿಬಿಲಿಯಾಗಿ ಚಹಾ ತರಿಸಿದ. ಕಾಳು ತಾನೇ ಹಾಕುವ ಯಂತ್ರವನ್ನೂ ತೋರಿಸಿದ. 

ಮನೆಗೆ ತಂದರೆ ಅತ್ತೆ ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಯಾವುದು ಉಂಡೈತಿ, ಯಾವುದು ಉಂಡಿಲ್ಲ ಅಂತ ಇದಕ್ಕ ತಿಳೀತೈತೇನ? ಕೂಸಿಗಿ ತೂತಿನ ಮುಂದ ಹಾಕ್ಬೇಕು, ಇಲ್ಲಂದ್ರ ಅದು ಉಪವಾಸ. ವಾಪಸ್ ಕೊಡು. ಉಳದ ದಿನಾ ನಾ ಹಾಕ್ತೇನಿ” ಎಂದರು.

“ಅದ್ರಾಗ ಏನೈತಿ ಅಂತ ಗೊತ್ತಿದ್ದೂ?”

“ಗೊತ್ತಿದ್ದ ಹಾಕೀನಲ್ಲ ಇಷ್ಟ ದಿನಾ. ಸ್ನಾನಾ ಮಾಡೂದ ನನಗ ಭಾರೇನ?”

ಹೀಗಾಗಿ ಪರ್ವದ ನಾಲ್ಕು ದಿನ ನನ್ನದು, ಉಳಿದದ್ದು ಅವರದು ಎಂದು ಗೊತ್ತುಮಾಡಿಕೊಂಡೆವು. ಭೀಮಶಿ ಆ ದಿನಗಳಲ್ಲಿ ನನ್ನ ಮಧ್ಯಾಹ್ನದ ಕೆಲಸ ನೋಡಿಕೊಳ್ಳುತ್ತಾನೆ, ಬದಲಿಗೆ ಅವನ ತಿಂಗಳ ರಿಪೋರ್ಟುಗಳನ್ನೆಲ್ಲ ನಾನು ಬರೆದುಕೊಡುತ್ತೇನೆ. ಹೊಸ ಡಬ್ಬಿಯ ಲೇಬಲ್ ಕೆರೆಯಲಿಲ್ಲ. ಅದರ ಪಕ್ಕದಲ್ಲೇ ಒಂದು ಚೀಟಿ ಅಂಟಿಸಿ, ಮೀನಿನ ಹಿಟ್ಟು, ಸಿಗಡಿ ಪುಡಿ ಎಂದು ದಪ್ಪ ಕನ್ನಡದಲ್ಲಿ ಬರೆದೆ. ಪೈಲ್ವಾನ ಹತ್ತು ದಿನ ಜೇಲಿನಲ್ಲಿದ್ದು ಹೊರಗೆ ಬಂತು. ಈಗಲೂ ಗತ್ತು ಮಾಡುತ್ತದೆ, ಒಮ್ಮೊಮ್ಮೆ ಕೂಸಿನ ಕಡೆಗೆ ನುಗ್ಗಿ ಹೆದರಿಸುತ್ತದೆ, ಆದರೆ ಅಷ್ಟಕ್ಕೇ ಬಿಡುತ್ತದೆ. ಹೊಟ್ಟೆ ತುಂಬಿದವನ ಗತ್ತು ಅದು, ಇರಲಿ.

ಹೊಸ ವರ್ಷದ ಎರಡನೇ ದಿನ ಚತುರ್ದಶಿ ಬಂತು. ಮೂರೂವರೆಗೇ ಮನೆಗೆ ಬಂದೆ. ಅತ್ತೆ ಉಪವಾಸದ ಮುಖದಲ್ಲಿ ದೂರದ ಕಂಬಕ್ಕೆ ಒರಗಿ ಕೂತು ಜಪ ಮಾಡುತ್ತಿದ್ದರು, ಆದರೆ ಕಣ್ಣು ನನ್ನ ಕೈಯ ಮೇಲೆಯೇ ಇತ್ತು. ನಾಲ್ಕಕ್ಕೆ ಕಾಳು ಹಾಕಿದೆ. “ಕೂಸಿಗಿ ತೂತಿನ ಮುಂದ ಹಾಕು,” ಎಂದರು. ಹಾಕಿದೆ. ಎಲ್ಲವೂ ಉಂಡವು. ಡಬ್ಬಿ ಮುಚ್ಚಿ, ಕೈ ತೊಳೆದು ಬಂದು ಕೂರಲು ಹೋದೆ.

“ನೀರ ಕಾದಾವ,” ಎಂದರು ಅತ್ತೆ.

“ಯಾರಿಗ್ರಿ?”

“ನಿನಗ. ನನ್ನ ಬದಲಿ ಹಾಕಿದಿ, ನನ್ನ ಬದಲಿ ಸ್ನಾನಾನೂ ಮಾಡು. ಟಾವೆಲ್ ಅಲ್ಲೇ ಐತಿ.”

ನನಗೆ ಇದರಲ್ಲೆಲ್ಲ ಅಷ್ಟು ನಂಬಿಕೆ ಇಲ್ಲ, ಅವರಿಗೂ ಅದು ಗೊತ್ತು. ಬೇರೆ ದಿನವಾಗಿದ್ದರೆ ಒಂದು ಮಾತಿಗೆ ನಾಲ್ಕು ಮಾತು ಆಡುತ್ತಿದ್ದೆ. ಬಚ್ಚಲಿಗೆ ಹೋಗಿ ನೋಡಿದರೆ ಹಂಡೆಯಲ್ಲಿ ನೀರು ಹೊಗೆಯಾಡುತ್ತಿತ್ತು. ಹೊಟ್ಟೆಗೆ ಒಂದು ಅಗುಳೂ ಇಲ್ಲದೆ, ಆ ಮಂಡಿನೋವಿನಲ್ಲಿ, ಅವರೇ ಕೊಡ ಕೊಡ ಹೊತ್ತು ತುಂಬಿ, ಒಲೆ ಹಚ್ಚಿ ಕಾಯಿಸಿದ್ದರು. ಬಾಯಿ ಮುಚ್ಚಿಕೊಂಡು ತಲೆಯ ಮೇಲೆ ಹೊಯ್ದುಕೊಂಡೆ. ಹೊರಗೆ ಅತ್ತೆ ಮೀನುಗಳಿಗೆ, “ನಿಮ್ಮದು ಊಟ ಆತು, ನಂದು ನಾಳೆ” ಎಂದು ಹೇಳುತ್ತಿರುವುದು ಕೇಳಿಸುತ್ತಿತ್ತು.